ತೊಂಬತ್ತು ಪರ್ಸೆಂಟ್ ಹಾಸ್ಟೆಲ್

ಗಡಿಯಾರದ ಮೇಲೆ ಒಂದು ಕಣ್ಣಿಟ್ಟೇ ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲರೇ, ಮುಖ್ಯ ಅತಿಥಿಗಳೇ, ಇಂದು ಸನ್ಮಾನ ಸ್ವೀಕರಿಸಲಿರುವ ಎಂಜಿನಿಯರ್ ರೂಪಶ್ರೀಯವರೇ, ಈ ಕಟ್ಟಡದ ಕಂಟ್ರಾಕ್ಟರರೂ ನನ್ನ ಏಕೈಕ ಅಳಿಯಂದಿರೂ ಆದ ಮಹಾಂತೇಶ್ ಅವರೇ, ಊಟದ ವಾಸನೆ ಬರುತ್ತಿದ್ದರೂ ಎದ್ದು ಹೋಗದ ಸಭಿಕರೇ,

ಸರ್ವಮಂಗಳಮ್ಮನವರು ಚಿಕ್ಕದಾಗಿ ಮಾತನಾಡುತ್ತಾರೆ ಎಂದು ನಿರೂಪಕಿ ಹೇಳಿದಳು. ಪಾಪ, ಆ ಹುಡುಗಿಗೆ ನನ್ನ ಪರಿಚಯವಿಲ್ಲ.

ವಿದ್ಯಾನಗರದಲ್ಲಿ ಹೆಣ್ಣುಮಕ್ಕಳಿಗೆ ಈ ಹಾಸ್ಟೆಲ್ ಕಟ್ಟಿಸಲು ಹೊರಟಾಗ ಕೆಲಸವನ್ನು ಅಳಿಯಂದಿರಿಗೇ ಒಪ್ಪಿಸಿದೆ. ಅಳಿಯಂದಿರು ಒಳ್ಳೆಯವರು. ಕಟ್ಟುವ ಗೋಡೆಯೂ ಗಟ್ಟಿ. ಆದರೆ ಯಾವಾಗ ಕೇಳಿದರೂ ಒಂದೇ ಉತ್ತರ. ಯುಗಾದಿಗೆ ಕೇಳಿದೆ: "ತೊಂಬತ್ತು ಪರ್ಸೆಂಟ್ ಮುಗಿದೈತ್ರೀ ಅತ್ತೆ." ಬಸವ ಜಯಂತಿಗೆ ಕೇಳಿದೆ: "ತೊಂಬತ್ತು ಪರ್ಸೆಂಟ್ ಮುಗಿದೈತ್ರೀ." ಸಭಿಕರೇ, ಜ್ವರವಾದರೂ ಏರುತ್ತದೆ, ಇಳಿಯುತ್ತದೆ. ಇದು ಏರಲೂ ಇಲ್ಲ, ಇಳಿಯಲೂ ಇಲ್ಲ!

ಅಷ್ಟರಲ್ಲಿ ಕಾಲೇಜಿನ ಪ್ರವೇಶ ಶುರುವಾಯಿತು. ಹಳ್ಳಿಗಳ ತಂದೆತಾಯಿಗಳಿಗೆ ನಾನು ಮಾತು ಕೊಟ್ಟಾಗಿತ್ತು. ಒಂದು ದಿನ ಭರಮಣ್ಣ ಎಂಬ ರೈತರು ಫೋನ್ ಮಾಡಿದರು. ಅವರ ಮಗಳು ಬಿಂದುವಿಗೆ ಬಿ.ಎಸ್ಸಿ. ಸೀಟು ಸಿಕ್ಕಿತ್ತು.

"ಅಮ್ಮಾರೇ, ರೂಮ್ ರೆಡಿ ಐತಾ? ಇಲ್ಲಾಂದ್ರೆ ಓದು ಬ್ಯಾಡ ಬಿಡ್ರಿ. ಅವಳ ಸೋದರಮಾವನೂ ಇವಳನ್ನ ಮದುವಿಗೆ ಕೇಳಾಕತ್ತಾನೆ."

ಮರುದಿನವೇ ರೂಪಶ್ರೀಯವರನ್ನು ಕರೆಸಿದೆ. ದೊಡ್ಡ ಕಟ್ಟಡಗಳ ಕೆಲಸಕ್ಕೆ ಯೋಜನೆ ಹಾಕಿಕೊಡುವವರು. ಅವರು ಎಷ್ಟು ಪರ್ಸೆಂಟ್ ಎಂದು ಕೇಳಲೇ ಇಲ್ಲ. "ಒಬ್ಬ ಹುಡುಗಿ ಇವತ್ತೇ ಬಂದ್ರೆ ಯಾವ ರೂಮ್ ಕೊಡ್ತೀರಿ?" ಎಂದರು. ಹುಡುಕಿದೆವು. ಬಾಗಿಲಿದ್ದ ಕೋಣೆಗೆ ನೀರಿಲ್ಲ, ನೀರು ಬರುವ ಬಚ್ಚಲಿಗೆ ಬಾಗಿಲಿಲ್ಲ.

"ಹಂಗಾರೆ ಮುಗಿದಿರೋದು ಸೊನ್ನೆ," ಎಂದರು ರೂಪಶ್ರೀ.

ಅಳಿಯಂದಿರಿಗೆ ಸಿಟ್ಟು ಬಂತು. "ಅಲ್ರೀ ಮೇಡಂ, ಪೈಪ್ ಹಾಕೇವಿ, ಗಾರೆ ಮಾಡೇವಿ. ಅದನ್ನ ಲೆಕ್ಕ ಹಿಡಿಯಂಗಿಲ್ಲೇನು?"

"ಪೈಪ್ ಒಳಗೆ ಯಾರೂ ಮಲಗಲ್ಲ ಸರ್."

ರೂಪಶ್ರೀ ಹುಡುಗಿಯರು ಬರುವ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿದರು. ಮಂಚಕ್ಕೆ ಮೊದಲು ಬಾಗಿಲು, ಬಾಗಿಲಿಗೆ ಮೊದಲು ನೆಲ, ನೆಲಕ್ಕೆ ಮೊದಲು ಪೈಪಿನ ಪರೀಕ್ಷೆ. ಪ್ರತಿ ಸೋಮವಾರ ಆ ವಾರ ಏನು ಮುಗಿಸುತ್ತೇವೆಂದು ಕೆಲಸಗಾರರೇ ಹೇಳಬೇಕು. ಶನಿವಾರ ಒಂದೇ ಪ್ರಶ್ನೆ: ಆಯ್ತೋ, ಇಲ್ವೋ? ಆಗಿಲ್ಲವೆಂದರೆ ಬೈಗುಳವಿಲ್ಲ, ಅಡ್ಡ ಬಂದದ್ದೇನು ಎಂದಷ್ಟೇ ವಿಚಾರಣೆ. ಮೊದಲ ಶನಿವಾರ ತಿಳಿಯಿತು: ಟೈಲ್ಸಿನವರು ಪ್ಲಂಬರ್ ಗಣೇಶನಿಗೆ ಕಾಯುತ್ತಿದ್ದಾರೆ, ಗಣೇಶ ಮೋಟರಿಗೆ ಕಾಯುತ್ತಿದ್ದಾನೆ, ಮೋಟರು ತರಬೇಕಾದ ನಮ್ಮ ಅಳಿಯಂದಿರು ಟೈಲ್ಸ್ ಮುಗಿಯಲೆಂದು ಕಾಯುತ್ತಿದ್ದಾರೆ! ನೀವು ಮೊದಲು, ನೀವು ಮೊದಲು. ದಾವಣಗೆರೆಯ ಯಾವ ಮದುವೆ ಊಟದ ಪಂಕ್ತಿಯಲ್ಲಿ ಇಷ್ಟು ಮರ್ಯಾದೆ ಕಂಡಿದ್ದೀರಿ?

ಕೊನೆಗೊಂದು ಶನಿವಾರ ಅಳಿಯಂದಿರು ಎದೆಯುಬ್ಬಿಸಿ, "ಕೆಳಗಿನ ಮಹಡಿ ಆಯ್ತು" ಎಂದರು. ನಾನು ಟವೆಲು, ಸೋಪು ಹಿಡಿದು ನೇರ ಬಚ್ಚಲಿಗೆ ಹೋದೆ. ಮೈತುಂಬ ಸೋಪು ಹಚ್ಚಿಕೊಂಡೆ. ನೀರು ನಿಂತಿತು. ಒಳಗಿಂದಲೇ ಕೂಗಿದೆ: "ಮಹಾಂತೇಶ್, ಆಯ್ತೋ, ಇಲ್ವೋ?"

ಹೊರಗಿನಿಂದ ಬಲು ಸಣ್ಣ ದನಿ: "ಇಲ್ರೀ ಅತ್ತೆ."

ನಗಬೇಡಿ. ಬಕೆಟ್ ಹೊತ್ತು ತಂದವರೂ ಅವರೇ. ಅಂದಿನಿಂದ ಅವರ ಬಾಯಲ್ಲಿ ಪರ್ಸೆಂಟ್ ಕೇಳಿಲ್ಲ. ಸೋಮವಾರದ ಸಭೆಗೆ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದರು.

ಈ ವಯಸ್ಸಿನಲ್ಲಿ ಈಕೆಗೆ ಇಷ್ಟು ಹಟವೇಕೆ ಎಂದು ನೀವು ಕೇಳಬಹುದು. ಹಟವೇನಿಲ್ಲ. ನಮ್ಮದು ಹರಿಹರದಾಚೆಯ ಹಳ್ಳಿ. ನಾನು ಬಿಂದುವಿನ ವಯಸ್ಸಿನವಳಿದ್ದಾಗ ಅಪ್ಪ ನನ್ನ ಟ್ರಂಕು ಹೊತ್ತು, ಹರಿಹರದಲ್ಲಿ ರೈಲು ಹತ್ತಿಸಿ, ಇದೇ ಊರಿನ ಒಂದು ಹಾಸ್ಟೆಲಿನ ಗೇಟಿಗೆ ಕರೆತಂದಿದ್ದರು. "ಇನ್ನಾ ಸ್ವಲ್ಪ ಕೆಲಸ ಬಾಕಿ ಐತ್ರೀ ಯಜಮಾನ್ರೇ, ಮುಂದಿನ ತಿಂಗಳು ಬರ್ರಿ," ಎಂದ ಕಾವಲುಗಾರ. ಅಪ್ಪ ಟ್ರಂಕನ್ನು ಮತ್ತೆ ಹೆಗಲಿಗೇರಿಸಿದರು. "ನಡಿಯವ್ವ ಮಂಗಳಾ." ಮುಂದಿನ ತಿಂಗಳು ನನ್ನ ನಿಶ್ಚಿತಾರ್ಥವಾಯಿತು. ನಮ್ಮ ಯಜಮಾನರು ದೇವರಂಥವರು, ಆ ಮಾತು ಬೇರೆ... ಇದನ್ನು ಯಾಕೆ ಹೇಳಿದೆ? ಕ್ಷಮಿಸಿ. ಇಂದು ಸನ್ಮಾನ ರೂಪಶ್ರೀಯವರಿಗೆ.

ಹೇಳಿದ ದಿನವೇ ಬಾಗಿಲು ತೆರೆಯಿತು. ಭರಮಣ್ಣನವರು ಮಗಳೊಂದಿಗೆ ಬಂದು ಪ್ರತಿ ನಲ್ಲಿ ತಿರುಗಿಸಿದರು, ಪ್ರತಿ ಚಿಲಕ ಹಾಕಿ ತೆಗೆದರು. "ಅಪ್ಪಾ, ಸಾಕು ಬಾರಪ್ಪ," ಎಂದು ಬಿಂದು ನಾಚಿಕೊಂಡಳು. ಹೊರಟವರು ಗೇಟಿನ ಬಳಿ ನಿಂತೇಬಿಟ್ಟರು. ನನಗೆ ಹೆದರಿಕೆಯಾಯಿತು. ಹತ್ತಿರ ಹೋಗಿ ಕೇಳಿದೆ:

"ಯಾಕ ಭರಮಣ್ಣ, ಏನಾರ ಬಾಕಿ ಐತಾ?"

"ಏನಿಲ್ರೀ ಅಮ್ಮಾರೇ. ಎಲ್ಲಾ ಆಗೈತೆ. ಅದಕ್ಕೇ ಕಾಲು ಮುಂದಕ್ಕೆ ಹೋಗ್ತಿಲ್ಲ."

ಕಣ್ಣೊರೆಸಿಕೊಂಡು ಅವರು ಒಬ್ಬರೇ ಬಸ್ಸು ಹತ್ತಿದರು. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನಾನು ಗೇಟಿನಲ್ಲೇ ನಿಂತಿದ್ದೆ.

ಮಹಾಂತೇಶ್, ಹಾಗೆ ನೋಡಬೇಡಿ, ಶಾಲು ತನ್ನಿ. ರೂಪಶ್ರೀಯವರೇ, ಮುಂದೆ ಬನ್ನಿ. ಇಷ್ಟು ಹೊತ್ತು ನನ್ನನ್ನು ಸಹಿಸಿಕೊಂಡ ನಿಮಗೆಲ್ಲ ಧನ್ಯವಾದ, ನಮಸ್ಕಾರ.