ಕುಲುಮೆ ಕಿತ್ತ ಜಾಗ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ನಾನು ಕಥೆ ಹೇಳುವ ಊರಿನಲ್ಲಿ ಅಲ್ಲ, ಬೇರೆ ಊರಿನಲ್ಲಿ. ನಾನು ಹೇಳುವ ಊರಿನ ತಾಪತ್ರಯವೇ ಅದು.

ನಿನ್ನೆ ನಮ್ಮ ಮಠದ ಪ್ರಸಾದದ ಪಂಕ್ತಿಯಲ್ಲಿ ಮಾಸ್ತರರೊಬ್ಬರು ಕೇಳಿದರು: ‘ಅಪ್ಪಾರ, ಪರದೇಶದ ರೊಕ್ಕ ಒಂದ್ ಬಡ ದೇಶಕ್ಕ ತಾನ ಹುಡುಕ್ಕೊಂಡ್ ಹೋಗ್ತದ. ಬಾಜೂದ್ ದೇಶ ಕೈಮುಗದು ಕರದ್ರೂ ಹೋಗಂಗಿಲ್ಲ. ಯಾಕ್ರಿ?’ ರೊಕ್ಕಕ್ಕೆ ಕಣ್ಣಿಲ್ಲ ಎನ್ನುತ್ತಾರೆ. ನೋಡಿ, ಅದು ಸುಳ್ಳು. ದೂರದಿಂದ ಬರುವ ರೊಕ್ಕಕ್ಕೆ ಕಣ್ಣೂ ಇದೆ, ಕಿವಿಯೂ ಇದೆ.

ನಾನು ಹೇಳುವ ಊರಿನ ಗೌಡ ಒಳ್ಳೆಯವನು. ಊರಲ್ಲಿ ಕುಸುಬಿ, ಶೇಂಗಾ ರಾಶಿರಾಶಿಯಾಗಿ ಬೆಳೆಯುತ್ತಿತ್ತು. ಎಣ್ಣೆ ತೆಗೆಯುವ ಗಾಣ ಮಾತ್ರ ಇರಲಿಲ್ಲ. ಕಾಳು ಬಂಡಿ ಹತ್ತಿ ಪರವೂರಿಗೆ ಹೋಗುತ್ತಿತ್ತು, ಎಣ್ಣೆಯಾಗಿ ದುಪ್ಪಟ್ಟು ಬೆಲೆಗೆ ತಿರುಗಿ ಬರುತ್ತಿತ್ತು. ಕಾಳಿನ ಹಿಂದೆ ಹರೆಯದವರೂ ಹೋದರು; ಅವರು ತಿರುಗಿ ಬರಲಿಲ್ಲ. ಗೌಡನ ಸ್ವಂತ ತಮ್ಮನೂ ಗಂಟು ಕಟ್ಟಿ ಬಾಗಿಲಲ್ಲಿ ಇಟ್ಟಿದ್ದ. ‘ಸುಗ್ಗೀತನಕ ನೋಡ್ತೀನಣ್ಣಾ. ಗಾಣ ಬಂದ್ರ ಗಂಟು ಬಿಚ್ಚತೀನಿ, ಇಲ್ಲಂದ್ರ ಹೊಕ್ಕೀನಿ’ ಅಂದಿದ್ದ. ಗೌಡ ದಿನವೂ ಆ ಗಂಟನ್ನು ದಾಟಿಯೇ ಮನೆಯಿಂದ ಹೊರಬೀಳಬೇಕಾಗಿತ್ತು.

ಅದಕ್ಕೇ ಅವನು ದೂರದ ಶ್ರೀಮಂತನಿಗೆ ಹೇಳಿಕಳಿಸಿದ: ‘ರೊಕ್ಕ ನಿಮ್ದು, ಕಾಳು ನಮ್ದು. ಬಂದು ಊರು ನೋಡ್ರಿ.’ ಶ್ರೀಮಂತ ಹುಣ್ಣಿಮೆಗೆ ಬರುತ್ತೇನೆ ಎಂದ.

ಊರು ಎದ್ದು ಕೂತಿತು. ದಾರಿಗೆ ಗರಸು ಹಾಕಿದರು. ತೋರಣ ಕಟ್ಟಿದರು, ನಾಯಿಗಳನ್ನೂ ಕಟ್ಟಿದರು. ಇನ್ನು ಗಾಣಕ್ಕೆ ಜಾಗ. ಬಾವಿಗೂ ದಾರಿಗೂ ಹತ್ತಿರದ ಜಾಗ ಇದ್ದದ್ದು ಒಂದೇ. ಅಲ್ಲಿ ಕಂಬಾರನ ಕುಲುಮೆ ಇತ್ತು. ‘ಬೆಂಕಿ ಉರಿಯೂತನಕ ಈ ಜಾಗ ನಿಂದು’ ಎಂದು ಊರ ಹಿರಿಯರು ಅವನ ಅಜ್ಜನಿಗೆ ಕಟ್ಟೆಯ ಮೇಲೆ ಕೂತು ಮಾತು ಕೊಟ್ಟಿದ್ದರು.

ಗೌಡ ಹೋಗಿ ಹೇಳಿದ: ‘ಒಂದೀಟು ಜರುಗಪಾ. ಊರ ಉದ್ಧಾರದ ಮಾತು.’

‘ಎಲ್ಲಿಗಿ ಜರುಗಲಿ ಗೌಡ್ರ?’

‘ಅದನ್ನ ಆಮ್ಯಾಲ ನೋಡೂಣು.’

‘ನಮ್ಮಜ್ಜಗ ಮಾತು ಕೊಟ್ಟಿದ್ರಲ್ರಿ?’

‘ಕೊಟ್ಟಾವ್ರು ಸತ್ತಾರ. ಇಸ್ಕೊಂಡಾವನೂ ಸತ್ತಾನ. ಮಾತರೆ ಯಾಕ ಬದುಕಿರಬೇಕು?’

ಸುತ್ತ ನಿಂತವರು ನಕ್ಕರು. ಕಂಬಾರ ತಿದಿ, ಸುತ್ತಿಗೆ, ಇಕ್ಕಳ ಬಂಡಿಗೆ ಹೇರಿ ಹಳ್ಳದಾಚೆಯ ಊರಿಗೆ ಹೋದ. ಕುಲುಮೆ ಕಿತ್ತ ಜಾಗವನ್ನು ಸಾರಿಸಿ ರಂಗೋಲಿ ಹಾಕಿದರು. ಒಬ್ಬರಿಗಾದರೂ ತಪ್ಪು ಎನ್ನಿಸಿತೇ? ಇಲ್ಲ. ಊರ ಉದ್ಧಾರ ಎಂದ ಮೇಲೆ ಯಾರಿಗೂ ತಪ್ಪು ಕಾಣುವುದಿಲ್ಲ.

ಹುಣ್ಣಿಮೆಯ ದಿನ ಶ್ರೀಮಂತ ಬಂದ. ಮಳೆಗಾಲದಲ್ಲಿ ದಾರಿ ಹೇಗೆ, ಕಾಳು ಎಷ್ಟು, ದುಡಿಯುವ ಜನ ಇದ್ದಾರೆಯೇ, ಎಣ್ಣೆ ಕೊಳ್ಳುವವರು ಯಾರು ಎಂದೆಲ್ಲ ಕೇಳಿದ. ಉತ್ತರ ಕೇಳಿ ಅವನ ಮುಖ ಅರಳಿತು. ಗೌಡನಿಗೆ ಮನೆಬಾಗಿಲಿನ ಗಂಟು ಸಡಿಲಾದಂತೆ ಅನ್ನಿಸಿತು.

‘ಜಾಗ ಪುಕ್ಕಟೆ ಸಾವ್ಕಾರ್ರ. ಐದು ವರ್ಷ ತೆರಿಗಿ ಇಲ್ಲ’ ಎಂದ.

‘ಜಾಗ ಚಲೋ ಐತಿ. ಮೊದಲ ನಿಮ್ಮ ಕಂಬಾರನ ಕರೀರಿ. ನನ್ನ ಬಂಡಿ ಗಾಲಿ ಪಟ್ಟಿ ಸಡಲಾಗೇತಿ.’

ಎಲ್ಲರೂ ಗೌಡನ ಕಡೆ ನೋಡಿದರು. ಕಟ್ಟಿದ ನಾಯಿಗಳು ಬೊಗಳುತ್ತಿದ್ದವು.

‘ಕಂಬಾರ ಇಲ್ರಿ’ ಎಂದ ಗೌಡ.

‘ಸತ್ತನ?’

‘ಇಲ್ರಿ. ಎಬ್ಬಿಸಿದಿವ್ರಿ, ನಿಮ್ಮ ಸಲುವಾಗಿನ. ನೀವು ನಿಂತೀರಲ್ಲ, ಅದ ಅವನ ಕುಲುಮಿ ಜಾಗ.’

ಶ್ರೀಮಂತ ಕೆಳಗೆ ನೋಡಿದ. ರಂಗೋಲಿಯ ನಡುವೆ ಇದ್ದಿಲ ಕಪ್ಪು ಇನ್ನೂ ಇತ್ತು. ಮೆಲ್ಲಗೆ ಕಾಲು ಹಿಂದಕ್ಕೆ ತೆಗೆದ.

‘ಎಬ್ಬಸಾಕ ಎಷ್ಟು ಹೊತ್ತು ಹಿಡೀತು?’

‘ಒಂದ ಮುಂಜಾನಿರಿ. ಯಾರೂ ಅಡ್ಡ ಬರಲಿಲ್ಲ’ ಎಂದ ಗೌಡ, ಹೆಮ್ಮೆಯಿಂದ.

‘ಗೌಡ್ರ, ಅಜ್ಜನ ಕಾಲದಿಂದ ಇದ್ದಾವನ್ನ ಒಂದು ಮುಂಜಾನಿಯೊಳಗ ಎಬ್ಬಿಸಿದ್ರಿ. ನಾ ಇವತ್ತ ಬಂದಾವ. ನಾಳಿಗಿ ನನಗಿಂತ ದೊಡ್ಡ ಸಾವ್ಕಾರ ಬಂದ್ರ, ನನ್ನ ಎಬ್ಬಸಾಕ ಚಾ ಕುಡಿಯೂ ಹೊತ್ತು ಸಾಕಲ್ರಿ?’

ಗಾಲಿ ಕಟಕಟ ಅನ್ನಿಸುತ್ತ ಬಂಡಿ ಹಳ್ಳ ದಾಟಿತು. ಆಚೆಯ ಊರಲ್ಲಿ, ಅಲ್ಲಿಯವರು ಕೊಟ್ಟ ಜಾಗದಲ್ಲಿ, ಕಂಬಾರನ ಕುಲುಮೆ ಉರಿಯುತ್ತಿತ್ತು. ಆ ಊರು ಸಣ್ಣದು, ಕಾಳು ಕಡಿಮೆ, ತೋರಣವಿಲ್ಲ, ತೆರಿಗೆ ಬಿಡುತ್ತೇವೆ ಎಂದೂ ಯಾರೂ ಹೇಳಲಿಲ್ಲ. ಗಾಣ ಅಲ್ಲಿಗೇ ಬಂತು.

ಸುಗ್ಗಿ ಮುಗಿದ ದಿನ ತಮ್ಮ ಗಂಟು ಎತ್ತಿದ. ‘ಎಲ್ಲಿಗೋ?’ ಎಂದ ಗೌಡ. ‘ಆ ಗಾಣದ ಕೆಲಸಕ್ಕ. ದೂರೇನಲ್ಲ ಬಿಡಣ್ಣಾ, ನಿಮ್ಮ ಕಟ್ಟೀ ಮ್ಯಾಲೆ ಕುಂತ್ರ ಕಾಣಸ್ತದ.’ ತೋರಣವನ್ನು ಆಡುಗಳು ತಿಂದವು.

ಮಾಸ್ತರರೇ, ದಾರಿ ಬೇಕು, ನೀರು ಬೇಕು, ಕೊಳ್ಳುವವರು ಬೇಕು, ದುಡಿಯುವ ಕೈ ಬೇಕು. ಇವಿಲ್ಲದೆ ಯಾವ ರೊಕ್ಕವೂ ಬರುವುದಿಲ್ಲ. ಇವೆಲ್ಲ ಇದ್ದೂ ಬರದಿದ್ದರೆ? ದೂರದವನು ನಿಮ್ಮ ಹಾರ ನೋಡುವುದಿಲ್ಲ. ನಿಮ್ಮವರಿಗೆ ಕೊಟ್ಟ ಮಾತನ್ನು ನೀವು ಏನು ಮಾಡಿದಿರಿ ಎಂದು ನೋಡುತ್ತಾನೆ. ತನ್ನ ನಾಳೆಯನ್ನು ಅವನು ಅಲ್ಲಿ ಓದಿಕೊಳ್ಳುತ್ತಾನೆ.

ನೀವು ನಗುತ್ತಿದ್ದೀರಿ, ಗೌಡನ ಕಥೆ ಎಂದು. ‘ಮೂರು ವರ್ಷ ಹೊಲ ನಿಂದು’ ಎಂದು ಪಾಲಿಗೆ ಕೊಟ್ಟು, ಬೆಳೆ ಚೆನ್ನಾಗಿ ಬಂದ ವರ್ಷವೇ ಬಿಡಿಸಿಕೊಂಡವರು ಇಲ್ಲಿಲ್ಲವೇ? ನಾನು ಹೆಸರು ಹೇಳುವುದಿಲ್ಲ. ಆಗಲೇ ಇಬ್ಬರು ತಲೆ ತಗ್ಗಿಸಿದರು. ನಾಳೆ ಹೋಗಿ ಆ ಹೊಲ ಪಾಲಿಗೆ ಮಾಡುತ್ತಿದ್ದವರಿಗೆ ಬಿಡಿ. ಮನೆಯಾಳಿಗೆ ಆಡಿದ ಮಾತು, ತಂಗಿಗೆ ಆಡಿದ ಮಾತು, ಬಾವಿಯ ನೀರಿನ ಸರದಿಯಲ್ಲಿ ಪಕ್ಕದ ಹೊಲದವನಿಗೆ ಆಡಿದ ಮಾತು, ಅದನ್ನು ಮೊದಲು ಬದುಕಿಸಿ. ಅತಿಥಿಗೆ ತೋರಣ ಆಮೇಲೆ.

ನಾಳೆಯವರೆಗೂ ಯಾಕೆ? ಈ ಮಠದ ಬಾಗಿಲಲ್ಲಿ ಕಾಶವ್ವ ಹೂ ಮಾರುತ್ತಾಳೆ, ನನ್ನ ಗುರುಗಳ ಕಾಲದಿಂದ. ನಮ್ಮ ಊರಿಗೆ ನೂಲಿನ ಗಿರಣಿ ಹಾಕಬೇಕೆಂದಿರುವ ಯಜಮಾನರು ಇವತ್ತು ಬಂದಿದ್ದಾರೆ, ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಅವರ ಕಾರು ನಿಲ್ಲಲಿ ಎಂದು ಸಂಜೆ ನೀವು ಕಾಶವ್ವನ ಬುಟ್ಟಿ ಎತ್ತಿ ರಸ್ತೆಯಾಚೆ ಇಟ್ಟಿದ್ದೀರಿ. ಯಜಮಾನರಿಗೆ ಕಣ್ಣಿದೆ.

ಯಾರಾದರೂ ಹೋಗಿ ಕಾರು ಸರಿಸಿ. ಇಬ್ಬರು ಬುಟ್ಟಿ ಹಿಡಿಯಿರಿ, ಅದು ಭಾರ. ಮಂಗಳಾರತಿಗೆ ಅವಸರವಿಲ್ಲ. ಆಕೆ ತನ್ನ ಜಾಗದಲ್ಲಿ ಕೂರುವವರೆಗೆ ನಾನು ಇಲ್ಲೇ ಕೂತಿರುತ್ತೇನೆ.