ಅತ್ತೆಯ ಬೆನ್ನು

ನಗ್ತೀಯಾ? ನಗು, ನಗು! ಈ ಹಸಿರು ಗೌನಲ್ಲಿ ನಿನ್ನ ನೋಡಿ ನಂಗೂ ನಗು ಬರ್ತದೆ. ಇರು, ಹಿಂದಿನ ಲಾಡಿ ಕಟ್ತೀನಿ... ಥೋ, ಬೆನ್ನು ಎಂತಕ್ಕೆ ಮುಚ್ಕೋತೀಯಾ ಸುಚಿತ್ರಾ? ಅತ್ತೆ ಹತ್ರನೂ ನಾಚಿಕೆಯಾ? ನಮ್ಮನೆ ಬೆನ್ನೇ ಹಂಗೆ ಮಾರಾಯ್ತಿ. ನಿಂಗೆ ಎಡಕ್ಕೆ ಸೊಟ್ಟ, ನಂಗೆ ಬಲಕ್ಕೆ ಇತ್ತು. ನಿನ್ನಷ್ಟೇ ಇದ್ದಾಗ ನಂಗೂ ಇದೇ ಆಪರೇಷನ್ ಆಯ್ತು. ಈಗ ನೋಡು, ನೆಟ್ಟಗೆ ನಿಂತಿಲ್ವಾ?

ಬಾಯಾರಿಕೆಯಾ? ಗೊತ್ತು ಬಂಗಾರಾ. ನೀರು ಮಾತ್ರ ಕೇಳಬೇಡ, ಸಿಸ್ಟರ್ ನನ್ನನ್ನೇ ಹೊರಗೆ ಹಾಕ್ತಾರೆ.

ಅಪ್ಪನಾ? ಹೊರಗಿದಾನೆ. ‘ಸೌಜನ್ಯಾ, ನೀ ಹೇಳಿದ್ರೆ ಕೇಳ್ತಾಳೆ, ಹೆದರಿಕೆ ಬಿಡಿಸು’ ಅಂತ ನನ್ನ ಒಳಗೆ ತಳ್ಳಿ, ತಾನು ಕ್ಯಾಂಟೀನ್ ಹಿಂದೆ ನಿಂತು ಅಳ್ತಿದಾನೆ. ಭಾರೀ ಧೈರ್ಯವಂತ!

ಎಂತ ಅಂದೆ? ನೋವಾ? ಏ... ನಿದ್ದೆ ಬರಿಸ್ತಾರೆ ಕಣೇ, ಗೊತ್ತೇ ಆಗಲ್ಲ. ಎದ್ದ ಮೇಲೆ ಒಂಚೂರು ಇರ್ತದೆ, ಇಂಜೆಕ್ಷನ್ ಕೊಟ್ರೆ ಹೋಗ್ತದೆ. ಆಮೇಲಾ? ಆಮೇಲೆ ಎಂತದೂ ಇಲ್ಲ! ಸ್ಕೂಲು, ಆಟ... ಮುಂದಿನ ಸಲ ಕೆರೆಬೇಟೆಗೆ ಅಜ್ಜನ ಜೊತೆ ನೀನೂ ಕೆಸರಿಗೆ ಇಳಿದು ಮೀನು ಹಿಡಿ. ಹೆಣ್ಮಕ್ಕಳು ಇಳೀಬಾರ್ದು ಅಂದ್ರೆ ಅಜ್ಜನ ಹತ್ರ ನಾನು ಜಗಳ ಆಡ್ತೀನಿ.

ನಾನು ಎಂತಕ್ಕೆ ಇಳಿಯಲ್ಲ ಅಂತನಾ? ನಂಗೆ... ನಂಗೆ ಕೆಸರು ಕಂಡ್ರೆ ಆಗಲ್ಲ ಮಾರಾಯ್ತಿ. ಮದುವೆ ಮನೇಲಿ ಪಂಕ್ತೀಲಿ ಎಂತಕ್ಕೆ ಕೂರಲ್ಲ ಅಂತನಾ? ಅಯ್ಯ! ನಿಂತು ಉಂಡ್ರೆ ನಾಲ್ಕು ಜನರನ್ನ ಮಾತಾಡಿಸ್ಬಹುದು ಅಂತ. ಏನ್ ಪ್ರಶ್ನೆ ಕೇಳ್ತೀಯಾ ನೀನು, ಪೊಲೀಸಾ?

ಕೋಣಂದೂರಲ್ಲಾ? ನನ್ನ ಬಟ್ಟೆ ಅಂಗಡೀಲಾ? ಅವತ್ತು... ಗಿರಾಕಿ ಯಾರೂ ಇರ್ಲಿಲ್ಲ. ಸೆಕೆ ಅಂತ ಸೀರೆ ಗಂಟಿನ ಹಿಂದೆ ನೆಲದ ಮೇಲೆ ಮಲಗಿದ್ದೆ, ಅಷ್ಟೇ. ಅಳ್ತಿದ್ನಾ? ಯಾರು ಹೇಳಿದ್ದು! ಬಟ್ಟೆ ಧೂಳು ಕಣ್ಣಿಗೆ... ನೀ ಬಾಗಿಲಲ್ಲಿ ನಿಂತು ನೋಡ್ತಿದ್ಯಾ? ಕರೀಬಾರ್ದಿತ್ತಾ ನನ್ನ?

ಹಂಗೆ ನೋಡಬೇಡ. ಮಾಡಿಸ್ಲೇಬೇಕು ಮಗಾ. ಬೆನ್ನು ಇನ್ನೂ ಸೊಟ್ಟಾದ್ರೆ ಉಸಿರಾಡೋದೇ ಕಷ್ಟ ಅಂದಿದಾರೆ ಡಾಕ್ಟ್ರು. ಎಲ್ಲಾರ್ಗೂ ನೋವು ಉಳಿಯಲ್ಲ ಅಂತನೂ ಅಂದಿದಾರೆ... ಅಂದ್ರೆ... ಉಳಿಯಲ್ಲ! ಯಾರಿಗೂ ಉಳಿಯಲ್ಲ! ನಂಗೇನು ಉಳಿದಿದ್ಯಾ?

ಓ, ಸ್ಟ್ರೆಚರ್ ಬಂತು. ಸಿಸ್ಟರ್, ಒಂದೇ ನಿಮಿಷ. ಏಳು ಸುಚೀ. ಎಂತದು, ಕೈ ಬೇಕಾ? ತಗೋ, ಗಟ್ಟಿ ಹಿಡ್ಕೋ... ಎಲ್ಲಿಗೆ ಎಳೀತೀಯಾ?... ತಲೆ ಮೇಲಾ? ನಿನ್ನ ತಲೆ ಮೇಲೆ... ಆಣೆನಾ?

ಆಣೆ ಗೀಣೆ ಎಲ್ಲಾ ಬೇಡ ಕಣೇ. ಆಸ್ಪತ್ರೇಲಿ ಹಂಗೆಲ್ಲಾ ಮಾಡಬಾರ್ದು. ಬೇಕಾದ್ರೆ ನನ್ನ ತಲೆ ಮುಟ್ಕೊಂಡು ಹೇಳ್ತೀನಿ, ದೇವರ ಮುಂದೆ ಹೇಳ್ತೀನಿ... ನಿನ್ನ ತಲೆ ಮೇಲೆ ಬೇಡ. ಬಿಡು ಸುಚೀ. ಕೈ ಬಿಡು ಅಂದ್ನಲ್ಲ!

...ಬಿಟ್ಟೇ ಬಿಟ್ಯಾ? ಕೇಳು, ಇನ್ನೇನಾದ್ರೂ ಕೇಳು. ಅಯ್ಯೋ, ಇರು, ನೀನೇ ಹತ್ತಬೇಡ, ನಾ ಎತ್ತಿ ಮಲಗಿಸ್ತೀನಿ... ಈ ಕಡೆ ತಿರುಗೇ. ಒಂದ್ಸಲ ತಿರುಗು. ಬಿಡು ಅಂದೆ, ಹೌದು, ತಪ್ಪಾಯ್ತು... ಹಿಡ್ಕೋ ಈಗ.

ನೋಯ್ತದೆ ಮಗಾ. ದಿನಾ ನೋಯ್ತದೆ. ಈಗ್ಲೂ.