ಒಂದೇ ಗೂಟಕ್ಕೆ ಎರಡು ಕುಣಿಕೆ

ಬಂದರಿನ ಕಟ್ಟೆಯಲ್ಲಿ ಎಲ್ಲರೂ ಗಿಳಿ ಎಂದು ಕರೆಯುವ ನಾನು, ವಯಸ್ಸು ಇಪ್ಪತ್ತೊಂದು, ವೃತ್ತಿ ತಂದೆಯವರ ಮೀನುದೋಣಿಯಲ್ಲಿ ಹಗ್ಗ ನೋಡಿಕೊಳ್ಳುವುದು, ವಾಸ ಐಸ್ ಕಾರ್ಖಾನೆಯ ಹಿಂದಿನ ಸಾಲಿನ ಎರಡನೆಯ ಮನೆ, ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ಸದರಿ ಸಾಲಿನ ಮೊದಲನೆಯ ಮನೆ ನನ್ನ ದೊಡ್ಡಪ್ಪನವರದು. ಎರಡೂ ಮನೆಗೆ ನಡುವಿನ ಗೋಡೆ ಒಂದೇ. ಕಟ್ಟೆಯಲ್ಲಿ ಎರಡೂ ದೋಣಿ ಕಟ್ಟುವ ಕಬ್ಬಿಣದ ಗೂಟವೂ ಒಂದೇ. ಆದರೆ ನನ್ನ ತಂದೆಯವರಿಗೂ ಅವರಿಗೂ ಒಂಬತ್ತು ವರ್ಷಗಳಿಂದ ಮಾತಿಲ್ಲ. ಕಾರಣ ಹಗ್ಗ. ತಂದೆಯವರು ಅಗ್ಗಕ್ಕೆ ಸಿಕ್ಕಿತೆಂದು ನೀಲಿ ಪ್ಲಾಸ್ಟಿಕ್ ಹಗ್ಗ ತಂದಿದ್ದರು. ಆ ಜಾತಿಯ ಹಗ್ಗ ಮುಳುಗುವುದಿಲ್ಲ, ತೇಲುತ್ತದೆ. ತೇಲಿದ್ದು ದೊಡ್ಡಪ್ಪನವರ ದೋಣಿಯ ಪ್ರೊಪೆಲರಿಗೆ ಸುತ್ತಿಕೊಂಡಿತು. ಹಗ್ಗ ಆರಿಸೋಕೆ ಬರದವನು ದೋಣಿ ಯಾಕೆ ಇಟ್ಕೋಬೇಕು ಎಂದು ದೊಡ್ಡಪ್ಪನವರು ಕೇಳಿದರು. ಇಷ್ಟು ದೊಡ್ಡ ಹಗ್ಗ ಕಣ್ಣಿಗೆ ಕಾಣದವನು ದೋಣಿ ಯಾಕೆ ಓಡಿಸ್ಬೇಕು ಎಂದು ತಂದೆಯವರು ಕೇಳಿದರು. ಎರಡು ಪ್ರಶ್ನೆಗಳಿಗೂ ಈವರೆಗೆ ಉತ್ತರ ಬಂದಿಲ್ಲ.

ಅಂದಿನಿಂದ ನಮ್ಮ ಮನೆಯೊಳಗೆ ದೊಡ್ಡಪ್ಪನವರ ಧ್ವನಿ ಕೇಳಿಸಿದ್ದು ನನ್ನ ಬಾಯಿಂದ ಮಾತ್ರ. ಊಟಕ್ಕೆ ಕೂತಾಗ ನಾನು ಗಂಟಲು ಕೆರೆದುಕೊಂಡು, ‘ನೈಲಾನ್ ಹಗ್ಗ ಬಿಸಿಲಿಗೆ ಬಿಡಬೇಡ್ರೋ, ಹಪ್ಪಳ ಆಗೋಗತ್ತೆ’ ಎಂದೋ, ‘ಲೇ, ಗಂಟು ಬಿದ್ದ ಕಡೆ ಹಗ್ಗ ಅರ್ಧ ಸತ್ತಂಗೆ ಕಣ್ರೋ’ ಎಂದೋ ಅವರ ಥರವೇ ಗದರುತ್ತಿದ್ದೆ. ತಾಯಿಯವರು ಸೆರಗಿನಲ್ಲಿ ನಗುತ್ತಿದ್ದರು. ತಂದೆಯವರು ‘ಸಾಕು ಮಾಡೋ ನಿನ್ನ ನಾಟಕ’ ಎಂದು ಗದರಿ, ಗೋಡೆ ಕಡೆ ತಿರುಗಿ ತಾವೂ ನಗುತ್ತಿದ್ದರು. ಕೆಲವು ಸಲ ಕಟ್ಟೆಯಲ್ಲೂ ದೋಣಿಯ ಮರೆಯಿಂದ ಹಾಗೆ ಕೂಗಿ ತಂದೆಯವರು ಬೆಚ್ಚುವಂತೆ ಮಾಡಿರುತ್ತೇನೆ. ಇದನ್ನು ಕಲೆಯೆಂದು ತಿಳಿದಿದ್ದೆನೆಂಬುದನ್ನು ದಾಖಲಿಸಬೇಕಾಗಿ ವಿನಂತಿ.

ಸಾಹೇಬರು ಕೇಳಿದ್ದರಿಂದ ಗೂಟದ ಪದ್ಧತಿಯನ್ನು ವಿವರಿಸುತ್ತೇನೆ. ಗೂಟಕ್ಕೆ ಮೊದಲೇ ಒಬ್ಬರ ಹಗ್ಗದ ಕುಣಿಕೆ ಬಿದ್ದಿದ್ದರೆ, ಆಮೇಲೆ ಬಂದವನು ತನ್ನ ಕುಣಿಕೆಯನ್ನು ಅದರ ಮೇಲೆ ಹೇರಬಾರದು. ಮೊದಲಿನವರ ಕುಣಿಕೆಯೊಳಗೆ ಕೆಳಗಿನಿಂದ ತೂರಿಸಿ, ಮೇಲೆ ತಂದು, ಆಮೇಲೆ ಗೂಟಕ್ಕೆ ಹಾಕಬೇಕು. ಹೀಗೆ ಮಾಡಿದರೆ ಯಾರು ಮೊದಲು ಹೊರಟರೂ ಇನ್ನೊಬ್ಬರ ಹಗ್ಗ ಮುಟ್ಟದೆ ತಮ್ಮದನ್ನು ಬಿಡಿಸಿಕೊಳ್ಳಬಹುದು. ಮೇಲೆ ಹೇರಿದರೆ ಕೆಳಗಿನವನು ಸಿಕ್ಕಿಬಿದ್ದ ಹಾಗೆ. ಮೇಲಿನವನನ್ನು ಕರೆದು ಹಗ್ಗ ಎತ್ತಿಸಿಕೊಳ್ಳಲೇಬೇಕು. ಮುಖಕ್ಕೆ ಮುಖ ಕೊಡದ ಅಣ್ಣತಮ್ಮಂದಿರು ಈ ಒಂದು ಮರ್ಯಾದೆಯನ್ನು ಮಾತ್ರ ಒಂದು ದಿನವೂ ತಪ್ಪಿಸಿದವರಲ್ಲ. ಅವರ ಕುಣಿಕೆಯೊಳಗೆ ಇವರದು, ಇವರ ಕುಣಿಕೆಯೊಳಗೆ ಅವರದು. ನೋಡಿದವರು ಎಷ್ಟು ಅನ್ಯೋನ್ಯ ಎನ್ನಬೇಕು.

ಇದೇ ತಿಂಗಳ ೧೭ರಂದು ಮಂಗಳವಾರ ಮಧ್ಯಾಹ್ನ ಎರಡೂಮುಕ್ಕಾಲಿಗೆ ನಾವು ಕಟ್ಟೆಗೆ ಬಂದೆವು. ದೊಡ್ಡಪ್ಪನವರ ಕುಣಿಕೆ ಗೂಟದಲ್ಲಿತ್ತು. ಆಗ ನನಗೆ ಒಂದು ಬುದ್ಧಿ ಹೊಳೆಯಿತು. ಈ ಸುಡುಗಾಡು ಮರ್ಯಾದೆ ಇರುವುದರಿಂದಲೇ ಇವರಿಬ್ಬರೂ ಮಾತಾಡಬೇಕಾದ ಪ್ರಸಂಗ ಬರುತ್ತಿಲ್ಲ. ಒಂದು ದಿನ ಅದನ್ನು ತಪ್ಪಿಸಿದರೆ ದೊಡ್ಡಪ್ಪ ಬಾಯಿ ಬಿಡಲೇಬೇಕು, ಅಪ್ಪ ಎದ್ದು ಬರಲೇಬೇಕು. ಆದಕಾರಣ ನಾನು, ಯಾರ ಪ್ರೇರಣೆಯೂ ಇಲ್ಲದೆ, ನಮ್ಮ ಕುಣಿಕೆಯನ್ನು ಅವರದರ ಮೇಲೆ ಹೇರಿದೆ. ತಂದೆಯವರು ಆಗ ದೋಣಿಯ ಕೋಣೆಯೊಳಗೆ ಸವೆದ ಹಗ್ಗದ ಎಳೆ ಬಿಚ್ಚಿ ಹೆಣೆಯುತ್ತ ಕೂತಿದ್ದರು. ಅವರು ಗೂಟ ನೋಡಿಯೇ ಇಲ್ಲ. ನಾನು ತಮಾಷೆ ನೋಡಲು ಐಸ್ ಕಾರ್ಖಾನೆಯ ಮೆಟ್ಟಿಲ ಮೇಲೆ ಹೋಗಿ ಕೂತೆ. ಗೂಟದಿಂದ ಅಲ್ಲಿಗೆ ನಲವತ್ತು ಮಾರು. ಮಾರಿನ ಲೆಕ್ಕ ನಡೆಯುವುದಿಲ್ಲವೆಂದು ಸಾಹೇಬರು ಹೇಳಿದ್ದರಿಂದ, ಸುಮಾರು ಎಪ್ಪತ್ತು ಮೀಟರ್.

ಮೂರೂವರೆಗೆ ನೆಲದ ಕಡೆಯಿಂದ ಗಾಳಿ ಎದ್ದಿತು. ಎರಡೂ ದೋಣಿಗಳು ಕಟ್ಟೆಯಿಂದ ದೂರ ಸರಿದು ಹಗ್ಗಗಳು ಕಂಬಿಯಂತೆ ಬಿಗಿದವು. ಹಾಗೆ ಬಿಗಿದ ಕುಣಿಕೆಯನ್ನು, ದೋಣಿಯಲ್ಲಿರುವವರು ಹಗ್ಗ ಸಡಿಲ ಬಿಡದೆ ಎತ್ತಲಾಗದು. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ, ಎದುರು ದಡಕ್ಕೆ ಜನ ಸಾಗಿಸುವ ಸಣ್ಣ ದೋಣಿಯ ಎಂಜಿನ್ ನಿಂತುಹೋಗಿ ಅದು ಬಂಡೆಗಳ ಕಡೆ ತೇಲಿಹೋಗುತ್ತಿದೆ ಎಂದು ಕಟ್ಟೆಯ ತುದಿಯಿಂದ ಯಾರೋ ಕೂಗಿದರು. ಒಳಗೆ ಏಳೆಂಟು ಜನರಿದ್ದರು. ದೊಡ್ಡಪ್ಪನವರ ಆಳು ಡೀಸೆಲ್ ತರಲು ಹೋಗಿದ್ದನು. ಅದನ್ನು ಎಳೆದು ತರಲು ದೋಣಿ ಬಿಡಬೇಕೆಂದು ದೊಡ್ಡಪ್ಪನವರು ಒಬ್ಬರೇ ಗೂಟದ ಬಳಿ ಓಡಿಬಂದು ಬಗ್ಗಿದರು. ಕುಣಿಕೆ ಹೇರಿರುವುದನ್ನು ನೋಡಿದರು. ಆಗಿನ ಅವರ ಮುಖ ನನಗೆ ಅಷ್ಟು ದೂರದಿಂದಲೂ ಕಾಣಿಸಿತು. ಸಿಟ್ಟಿನ ಮುಖವಲ್ಲ. ಅಯ್ಯೋ, ಇವನು ಈ ಮರ್ಯಾದೆಯನ್ನೂ ಬಿಟ್ಟನೇ ಎಂಬಂತಹ ಮುಖ.

ನಂತರ ಅವರು ನಮ್ಮ ದೋಣಿಯ ಕಡೆ ತಿರುಗಿ, ‘ಲೇ, ನಿನ್ನ ಹಗ್ಗ ಎತ್ತೋ’ ಎಂದು ಕೂಗಿದರು. ಒಂಬತ್ತು ವರ್ಷಗಳ ನಂತರದ ಮೊದಲ ಮಾತು. ನಾನು ಮೆಟ್ಟಿಲ ಮೇಲೆ ಖುಷಿಯಿಂದ ತೊಡೆ ತಟ್ಟಿಕೊಂಡೆ. ಅವರು ಎರಡನೆಯ ಸಲ, ‘ಲೇ, ಕಿವಿ ಕೇಳಲ್ವಾ, ಹಗ್ಗ ಎತ್ತೋ’ ಎಂದರು. ಆಗ ತಂದೆಯವರು ಒಳಗಿನಿಂದಲೇ, ‘ಸಾಕು ಮಾಡೋ ನಿನ್ನ ನಾಟಕ! ಕೆಲಸ ಇದೆ ನಂಗೆ’ ಎಂದರು. ಅದು ದೊಡ್ಡಪ್ಪನವರಿಗೆ ಹೇಳಿದ್ದಲ್ಲ. ನನಗೆ ಹೇಳಿದ್ದು. ಕೂಗುತ್ತಿರುವವನು ನಾನೆಂದೇ ಅವರು ತಿಳಿದಿದ್ದರು. ಆದರೆ ಗೂಟದ ಬಳಿ ನಿಂತವರಿಗೆ ಅದು ಹೇಗೆ ಗೊತ್ತಾಗಬೇಕು?

ದೊಡ್ಡಪ್ಪನವರು ಮೂರನೆಯ ಸಲ ಕೂಗಿದರು. ಈ ಸಲ ಗದರಲಿಲ್ಲ. ‘ತಮ್ಮಾ, ಅದ್ರಲ್ಲಿ ಜನ ಇದಾರೆ ಕಣೋ’ ಎಂದರು. ಉತ್ತರ ಬರಲಿಲ್ಲ. ಆಗ ಅವರು ಸೊಂಟದ ಚಾಕು ತೆಗೆದರು.

ನಮ್ಮ ಹಗ್ಗವನ್ನು ಕತ್ತರಿಸಿದ್ದರೆ ಕೆಲಸ ಸಲೀಸಾಗಿ ಮುಗಿಯುತ್ತಿತ್ತು. ಇನ್ನೊಬ್ಬರ ಹಗ್ಗಕ್ಕೆ ಚಾಕು ಹಾಕುವ ಪೈಕಿ ಅವರಲ್ಲ. ತಮ್ಮ ಹಗ್ಗದ ಆಚೆ ತುದಿ ಬಿಚ್ಚಿ ಹೋಗೋಣವೆಂದರೆ, ಅವರಿಗೆ ಗಂಟು ಎಂದರೆ ಆಗದು. ಆ ತುದಿಯನ್ನು ದೋಣಿಯ ಮೂತಿಯ ಕಬ್ಬಿಣದ ಬಳೆಗೆ ಹೆಣೆದೇ ಕೂರಿಸಿದ್ದರು. ಅವರು ಗೂಟಕ್ಕೂ ದೋಣಿಗೂ ನಡುವೆ ಮಂಡಿಯೂರಿ ತಮ್ಮ ಹಗ್ಗವನ್ನೇ ಕೊಯ್ಯತೊಡಗಿದರು. ಬಿಗಿದ ನೈಲಾನ್ ಹಗ್ಗದ ದಾರಿಯಲ್ಲಿ ನಿಲ್ಲಬಾರದೆಂದು ನನಗೆ ಕಲಿಸಿದವರು ಅವರೇ. ಐದು ವರ್ಷದವನಿದ್ದಾಗ ಕಿವಿ ಹಿಂಡಿ ಕಲಿಸಿದ್ದರು. ನಾನು ‘ದೊಡ್ಡಪ್ಪಾ, ಬೇಡ’ ಎಂದು ಕಿರುಚುತ್ತ ಓಡಿದೆ. ಅರ್ಧ ದಾರಿಯಲ್ಲಿರುವಾಗ ಹಗ್ಗ ಪಟ್ಟೆಂದು ಹರಿದು, ಅದರ ತುದಿ ಅವರ ದವಡೆಗೆ ಬಡಿಯಿತು. ನನ್ನ ಕಿರುಚಾಟ ಕೇಳಿ ತಂದೆಯವರು ಹೊರಗೆ ಬಂದರು. ಅವರು ನನ್ನನ್ನು ನೋಡಿದರು, ಗೂಟವನ್ನು ನೋಡಿದರು, ಆಮೇಲೆ ಅಣ್ಣನನ್ನು ನೋಡಿದರು.

ತೇಲಿಹೋಗುತ್ತಿದ್ದ ದೋಣಿಯನ್ನು ಬೇರೆಯವರು ಎಳೆದು ತಂದರು. ಅದರಲ್ಲಿದ್ದವರು ಒದ್ದೆಯಾದದ್ದು ಬಿಟ್ಟರೆ ಕ್ಷೇಮ. ದೊಡ್ಡಪ್ಪನವರ ದವಡೆ ಎರಡು ಕಡೆ ಮುರಿದಿದ್ದು, ತಂತಿ ಹಾಕಿ ಬಿಗಿದಿದ್ದಾರೆ. ಬಾಯಿ ತೆರೆಯಲು ಆರು ವಾರವಾಗುವುದೆಂದು ವೈದ್ಯರು ತಿಳಿಸಿರುತ್ತಾರೆ.

ತಮ್ಮನು ಅಣ್ಣನ ಮೇಲೆ ಹಗೆ ತೀರಿಸಿಕೊಂಡ ಎಂದು ಕಟ್ಟೆಯವರು ಠಾಣೆಗೆ ತಿಳಿಸಿದ್ದಾರೆ. ತಂದೆಯವರೂ ನಿನ್ನೆ ಇಲ್ಲಿಗೆ ಬಂದು, ‘ಕುಣಿಕೆ ಹೇರಿದ್ದು ನಾನೇ, ಕೂಗಿದ್ದು ಕೇಳಿಸಿತು, ಏಳಲಿಲ್ಲ’ ಎಂದಷ್ಟೇ ಹೇಳಿ ಬೆಂಚಿನ ಮೇಲೆ ಕೂತಿದ್ದಾರೆ. ಹೇರಿದ್ದು ಅವರಲ್ಲ, ನಾನು. ಅವರು ಏಳದಿದ್ದುದಕ್ಕೆ ಕಾರಣವೂ ನಾನೇ.

ನಿನ್ನೆ ಸಂಜೆ ಆಸ್ಪತ್ರೆಗೆ ಹೋಗಿ ಇದನ್ನೆಲ್ಲ ದೊಡ್ಡಪ್ಪನವರಿಗೆ ಹೇಳಿದೆ. ಪಕ್ಕದಲ್ಲಿದ್ದ ದೊಡ್ಡಮ್ಮನವರು, ‘ಅಪ್ಪನ್ನ ಬಿಡಿಸ್ಕೊಳ್ಳೋಕೆ ಹೊಸ ಕಥೆ ಕಟ್ಕೊಂಡ್ ಬಂದ್ಯಾ? ನೀನು ಹುಟ್ಟಿದಾಗಿಂದ ಒಂದು ಮಾತಾದ್ರೂ ನೆಟ್ಟಗೆ ಆಡಿದ್ದಿದ್ಯಾ?’ ಎಂದು ಕೇಳಿದರು. ನನಗೆ ಒಂದೂ ನೆನಪಾಗಲಿಲ್ಲ. ದೊಡ್ಡಪ್ಪನವರು ಕಣ್ಣು ಮುಚ್ಚಿಕೊಂಡರು. ಆದ್ದರಿಂದ ಈ ಹೇಳಿಕೆಗೆ ಠಾಣೆಯ ಮೊಹರು ಹಾಕಿ, ಸಮವಸ್ತ್ರದಲ್ಲಿರುವ ಯಾರಾದರೂ ಒಬ್ಬರು ಅವರ ಮಂಚದ ಬಳಿ ನಿಂತು ಓದಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ. ‘ಸಾಕು’ ಎಂದು ಅಪ್ಪ ಹೇಳಿದ್ದು ಅಣ್ಣನಿಗಲ್ಲವೆಂಬ ಸಾಲನ್ನು ಎರಡು ಸಲ ಓದಬೇಕು.

ಇಷ್ಟನ್ನು ಸಾಹೇಬರು ಗಟ್ಟಿಯಾಗಿ ಓದಿದಾಗ ಬೆಂಚಿನ ಮೇಲಿದ್ದ ತಂದೆಯವರು ಎದ್ದು ಬಂದು, ಇನ್ನೊಂದು ಮಾತು ಸೇರಿಸಬೇಕೆಂದರು. ಮೊದಲೆರಡು ಸಲ ಕೂಗಿದ್ದು ಇವನೇ ಎಂದುಕೊಂಡದ್ದು ನಿಜ. ಮೂರನೆಯ ಸಲ ತಮ್ಮಾ ಅಂದಾಗ ಅಣ್ಣನೇ ಎಂದು ಗೊತ್ತಾಯಿತು. ಈ ಹುಡುಗನಿಗೆ ಆ ಮಾತು ಆ ಥರ ಬರುವುದಿಲ್ಲ. ಅಷ್ಟರಲ್ಲಿ ಸಾಕು ಮಾಡು ಅಂದುಬಿಟ್ಟಿದ್ದೆ, ಇನ್ನು ಯಾವ ಮುಖ ಇಟ್ಟುಕೊಂಡು ಹೊರಗೆ ಹೋಗಲಿ ಎಂದು ಕೈಯಲ್ಲಿ ಹಗ್ಗ ಹಿಡಿದುಕೊಂಡು ಕೂತೆ ಎಂದು ಹೇಳಿದರು. ಇದನ್ನು ಬರೆಯಬೇಡಿರೆಂದು ನಾನು ಕೈಮುಗಿದೆ. ತಂದೆಯವರು, ‘ಬರೀರಿ ಸಾರ್. ಅಣ್ಣಂಗೆ ಓದೋದಾದ್ರೆ ಪೂರ್ತಿ ಓದಿ’ ಎಂದರು.

ಬರೆದದ್ದನ್ನು ನಮ್ಮಿಬ್ಬರಿಗೂ ಓದಿ ಹೇಳಲಾಗಿದೆ. ನಡೆದದ್ದು ಹೀಗೆಯೇ, ಕೂಡಿಸಿದ್ದಿಲ್ಲ, ಕಳೆದದ್ದಿಲ್ಲ.

ಸ್ಥಳ: ಬಂದರು ಠಾಣೆ
ದಿನಾಂಕ: ೧೯, ಗುರುವಾರ, ಬೆಳಿಗ್ಗೆ ಹನ್ನೊಂದೂಕಾಲು

ಹೇಳಿಕೆ ಕೊಟ್ಟವನ ಸಹಿ
ಕೊನೆಯ ಮಾತಿನ ಮಟ್ಟಿಗೆ, ತಂದೆಯವರ ಸಹಿ